ತೂಬಿನ ಮನೆಯ ಹೊಸ ಕೈ

ಕಿಟಕಿಯ ಕೆಳಗಿನ ಕಲ್ಲುಚಪ್ಪಡಿಯ ಮೇಲೆ, ಒಗೆದು ಮಡಿಸಿದ ಒಂದು ಕೆಂಪು ಅಂಚಿನ ಟವೆಲ್ಲು. ಟವೆಲ್ಲಿನ ಮೇಲೆ ಅಕ್ಕಪಕ್ಕದಲ್ಲಿ ಕಂಪ್ಯೂಟರಿನ ಎರಡು ಡಿಸ್ಕುಗಳು. ಎಡಗಡೆಯದು ಹಳೆಯದು, ಎಲೆಯಡಿಕೆ ಡಬ್ಬಿಯಷ್ಟು ಗಾತ್ರ, ಮೂಲೆಗಳಲ್ಲಿ ಬಣ್ಣ ಸವೆದು ಒಳಗಿನ ಲೋಹ ಇಣುಕುತ್ತಿತ್ತು. ಬಲಗಡೆಯದು ಹೊಸದು, ದಪ್ಪದಲ್ಲಿ ಹಳೆಯದರ ಅರ್ಧವೂ ಇಲ್ಲ, ಹೊಟ್ಟೆಯಲ್ಲಿ ಮಾತ್ರ ಅದರ ಎಂಟು ಪಟ್ಟು ಜಾಗ. ಎರಡರಿಂದಲೂ ಹೊರಟ ತಂತಿಗಳು ಗೋಡೆಗೆ ಬಿಗಿದಿದ್ದ ಕಬ್ಬಿಣದ ಪೆಟ್ಟಿಗೆಯೊಳಗೆ ಸೇರಿದ್ದವು. ಪೆಟ್ಟಿಗೆಯ ನೆತ್ತಿಯಲ್ಲಿ ಕುಂಕುಮದ ಬೊಟ್ಟು, ಒಣಗಿದ ಒಂದು ಕಣಗಿಲೆ ಹೂ. ಪಕ್ಕದ ಪರದೆ ಕಪ್ಪಾಗಿತ್ತು. ಅದರ ಎಡಮೂಲೆಯಲ್ಲಿ ಬಿಳಿಯ ಒಂದೇ ಸಾಲು. ಕಿಟಕಿಯಾಚೆ ತುಂಬಿದ ಕೆರೆ. ಆ ನೀರಿನ ಬೆಳಕು ಚಾವಣಿಗೆ ಬಿದ್ದು ನಡುಗುತ್ತಿತ್ತು. ಇಡೀ ಕೋಣೆಯಲ್ಲಿ ಉಸಿರಿದ್ದುದು ಅದೊಂದಕ್ಕೇ ಎನ್ನುವಂತೆ.

ಬಿಳಿಯ ಸಾಲನ್ನು ಸೀತಾಪತಿ ಇನ್ನೊಮ್ಮೆ ಓದಿದರು. 'ಆರಂಭಿಸಬಲ್ಲ ಡಿಸ್ಕ್ ಕಾಣಲಿಲ್ಲ.'

"ಏನಂತದೆ ಮೇಷ್ಟ್ರೆ?" ಬಾಗಿಲ ಬಳಿಯ ಕಲ್ಲುಬೆಂಚಿನಿಂದ ಪಿಳ್ಳಮ್ಮ ಕೇಳಿದರು.

"ಡಿಸ್ಕ್ ಕಾಣಲಿಲ್ಲ ಅನ್ನುತ್ತೆ!" ಸೀತಾಪತಿ ದನಿಯೇರಿಸಿದರು. ಪಿಳ್ಳಮ್ಮನೊಡನೆ ಗಟ್ಟಿಯಾಗಿ ಮಾತಾಡುವುದು ಈಚಿನ ಒಂದೆರಡು ವರ್ಷಗಳಿಂದ ಊರಿಗೆಲ್ಲ ಅಭ್ಯಾಸವಾಗಿತ್ತು.

"ಕಣ್ಣೆದುರಿಗೇ ಮಡಗಿದೀರಲ್ಲ. ಅದೂ ಒಂದಲ್ಲ, ಎಲ್ಡು!"

ಕೀಲಿಮಣೆಯ ಮುಂದೆ ಕುಳಿತಿದ್ದ ನಸ್ರೀನ್ ನಕ್ಕಳು. ಅವಳು ನೀರಿನ ಕಚೇರಿಯ ಸಹಾಯಕ ಇಂಜಿನಿಯರ್. ಹನ್ನೆರಡು ವರ್ಷಗಳ ಹಿಂದೆ ಪಾಲಿಟೆಕ್ನಿಕ್‌ನಲ್ಲಿ ಸೀತಾಪತಿಯವರ ಶಿಷ್ಯೆ. ಸೀತಾಪತಿ ನಿವೃತ್ತರಾಗಿ ಎಂಟು ವರ್ಷಗಳಾಗಿದ್ದರೂ, ಹಳೆಯ ಯಂತ್ರಗಳು ಮೊಂಡು ಹಿಡಿದಾಗಲೆಲ್ಲ ಕಚೇರಿ ಅವರಿಗೇ ಹೇಳಿಕಳಿಸುತ್ತಿತ್ತು. ಅವರೂ ಕರೆ ಬರುವುದನ್ನೇ ಕಾಯುತ್ತಿದ್ದವರಂತೆ ಸಂಚಿಯನ್ನು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

ಈ ಸೀಮೆಯ ಕೆರೆಗಳಿಗೆ ಕಿವಿ ಬಂದು ಹದಿನೇಳು ವರ್ಷಗಳಾಗಿದ್ದವು. ನೀರು ಹಂಚುವುದನ್ನು ಯಂತ್ರಕ್ಕೆ ಸೂತ್ರಗಳಿಂದ ಕಲಿಸುವ ಬದಲು, ನೀರಗಂಟಿಯ ಮಗ್ಗುಲಲ್ಲಿ ಕೂರಿಸಿ ಕಲಿಸಿದರೆ ಹೇಗೆ ಎಂಬ ಒಂದು ಪ್ರಶ್ನೆಯಿಂದ ಹುಟ್ಟಿದ ಯೋಜನೆ ಅದು. ಕೆರೆಯ ತೂಬನ್ನು ತೆರೆದು ಮುಚ್ಚುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ತೀರ್ಮಾನಿಸುವ ಕೈಗೆ ನೀರಗಂಟಿಯೆಂದು ಹೆಸರು. ಬೈರಸಮುದ್ರದ ಕೆರೆಯಲ್ಲಿ ಆ ಕೈ ತಲೆತಲಾಂತರದಿಂದ ಪಿಳ್ಳಮ್ಮನ ಮನೆಯದಾಗಿತ್ತು. ತೂಬಿನ ಕಲ್ಲಿಗೆ ಸದ್ದು ಹಿಡಿಯುವ ಒಂದು ಸೂಜಿ, ಗದ್ದೆಗಳಲ್ಲಿ ತೇವ ಅಳೆಯುವ ಗೂಟಗಳು, ಬಾಗಿಲ ಮೇಲೊಂದು ಕ್ಯಾಮೆರಾ, ತೂಬಿನ ಚಕ್ರಕ್ಕೊಂದು ಮೋಟಾರು. ಇಷ್ಟನ್ನೂ ಕಬ್ಬಿಣದ ಪೆಟ್ಟಿಗೆಯೊಳಗಿನ ಕಂಪ್ಯೂಟರಿಗೆ ಜೋಡಿಸಿ, ಮೊದಲ ಮೂರು ವರ್ಷ ಅದನ್ನು ಸುಮ್ಮನೆ ಕೂರಿಸಿದ್ದರು. ಪಿಳ್ಳಮ್ಮ ಚಕ್ರ ತಿರುಗಿಸುತ್ತಿದ್ದರು, ಅದು ನೋಡುತ್ತಿತ್ತು. ನಾಲ್ಕನೆಯ ವರ್ಷದಿಂದ ತಾನೇ ಬೆರಳಗಲದಷ್ಟು ತಿರುಗಿಸಿ ನಿಲ್ಲತೊಡಗಿತು. ಪಿಳ್ಳಮ್ಮ "ಹೂಂ" ಎಂದರೆ ಅಷ್ಟು ಸಾಕು, "ಉಹೂಂ" ಎಂದರೆ ಇನ್ನೂ ತಿರುಗಿಸಬೇಕು. ಅದರ ಶಾಲೆಯೆಲ್ಲ ಆ ಎರಡು ಸದ್ದುಗಳೇ. ಒಪ್ಪಿಗೆಯ ಹೂಂ, ಬೇಸರದ ಹೂಂ, ನೋಡೋಣವೆಂಬ ಹೂಂ, ಹಲ್ಲುನೋವಿನ ಹೂಂ ಎಲ್ಲವನ್ನೂ ಅದು ಬೇರೆಬೇರೆಯಾಗಿಯೇ ಗುರುತಿಟ್ಟುಕೊಂಡಿತ್ತು. ಕಚೇರಿಯ ಕಾಗದಗಳಲ್ಲಿ ಅದು 'ಅಭ್ಯಾಸಯಂತ್ರ'. ಪಿಳ್ಳಮ್ಮನಿಗೆ ಮೊದಲ ದಿನದಿಂದಲೂ 'ಮರಿ'.

ಈಗ ಮರಿಯ ಡಿಸ್ಕ್ ತುಂಬಿತ್ತು. ಹದಿನೇಳು ವರ್ಷಗಳ ನೀರಿನ ಸದ್ದಿಗೆ ಅದರಲ್ಲಿ ಇನ್ನು ಜಾಗವಿರಲಿಲ್ಲ. ತುಂಬಿದ್ದಷ್ಟೇ ಅಲ್ಲ, ಡಿಸ್ಕ್ ಸವೆದೂ ಇತ್ತು. ಗೋಡೆಯ ಮೇಲಿನ ಹಲ್ಲಿಯಂತೆ ಆಗಾಗ ಲೊಚಗುಟ್ಟುತ್ತಿತ್ತು. ಅದರಲ್ಲಿದ್ದುದನ್ನೆಲ್ಲ ಸೀತಾಪತಿ ಹೊಸ ದೊಡ್ಡ ಡಿಸ್ಕಿಗೆ ನಕಲು ಮಾಡಿದ್ದರು. ಹನ್ನೊಂದು ಗಂಟೆಗಳ ಕೆಲಸ. ಒಂದಕ್ಷರ ಬಿಡದೆ ಎಲ್ಲವೂ ಬಂದಿದೆಯೆಂದು ನಕಲು ಮಾಡಿದ ಪ್ರೋಗ್ರಾಮ್ ಸಾಕ್ಷಿ ಹೇಳಿತ್ತು. ಅನಂತರ, ಹದಿನೇಳು ವರ್ಷಗಳಲ್ಲಿ ಮೊದಲ ಸಲ, ಮರಿಯನ್ನು ಆರಿಸಿದರು. ಆರಿದ್ದು ಮತ್ತೆ ಏಳಲಿಲ್ಲ.

"ಸರ್," ನಸ್ರೀನ್ ಗಡಿಯಾರ ನೋಡಿದಳು. "ಐದು ಗಂಟೆಯೊಳಗೆ ಮರಿ ತೂಬನ್ನ ಹಿಡೀಬೇಕು. ಇಲ್ಲದಿದ್ರೆ ಮಾದರಿ ಪ್ರೋಗ್ರಾಮ್ ಹಾಕಿ ಅಂತ ಆದೇಶ. ನಾಳೆ ಬೆಳಗ್ಗೆ ನಾಟಿಗೆ ಮೊದಲ ನೀರು. ಕಾಯೋ ಹಾಗಿಲ್ಲ."

ಮಾದರಿ ಪ್ರೋಗ್ರಾಮ್ ಎಲ್ಲ ಕೆರೆಗೂ ಒಂದೇ. ಎಕರೆಗೆ ಇಷ್ಟು ನಿಮಿಷ, ತೂಬಿನ ಬಳಿಯ ಗದ್ದೆಯಿಂದ ಶುರು. ಅದಕ್ಕೆ ಕಾಲುವೆಯ ಮಣ್ಣು ಎಷ್ಟು ಕುಡಿಯುತ್ತದೆಂದು ಗೊತ್ತಿಲ್ಲ, ಕೊನೆಯ ಗದ್ದೆ ಯಾವುದೆಂದೂ ಗೊತ್ತಿಲ್ಲ. ಪಿಳ್ಳಮ್ಮನ ಪದ್ಧತಿಯೇ ಬೇರೆ. ಕೊನೆಯ ಗದ್ದೆಗೆ ಮೊದಲ ನೀರು, ತೂಬಿನ ಬಳಿಯವರಿಗೆ ಕಟ್ಟಕಡೆಗೆ. ಹತ್ತಿರದವರು ಹೇಗೂ ನೀರನ್ನು ಕಾಣುತ್ತಿರುತ್ತಾರೆ, ದೂರದವರು ನಂಬಿಕೊಂಡಿರುತ್ತಾರೆ. ನಂಬಿದವರದು ಮೊದಲು. ಬೈರಸಮುದ್ರದ ನಲವತ್ತಮೂರು ಗದ್ದೆಗಳು ಆ ಒಂದು ಕ್ರಮದಿಂದ ಇಷ್ಟು ಕಾಲ ಜಗಳವಿಲ್ಲದೆ ಹಸಿರಾಗಿದ್ದವು. ಪಿಳ್ಳಮ್ಮನ ಮನೆಯವರ ಹೊರತು ಆ ಕ್ರಮವನ್ನು ಕಲಿತಿದ್ದುದು ಜಗತ್ತಿನಲ್ಲಿ ಈಗ ಟವೆಲ್ಲಿನ ಮೇಲಿದ್ದ ಈ ಎರಡು ಲೋಹದ ಡಬ್ಬಿಗಳು ಮಾತ್ರ.

ಸೀತಾಪತಿ ತಂತಿಗಳನ್ನು ಕಳಚಿ ಮತ್ತೆ ಸಿಕ್ಕಿಸಿದರು. ಎಲ್ಲವೂ ಸರಿಯಾಗಿಯೇ ಇತ್ತು. ಆರಂಭದ ಪಟ್ಟಿಯಲ್ಲಿ ಅವರು ಉಳಿಸಿದ್ದ ಒಂದೇ ಹೆಸರು, ಹೊಸ ಡಿಸ್ಕಿನದು, ಕಾಣುತ್ತಿತ್ತು. ಅಂದರೆ ಯಂತ್ರಕ್ಕೆ ಡಿಸ್ಕ್ ಕಾಣುತ್ತಿದೆ. ಅದರೊಳಗೆ ಹೋಗುವ ಬಾಗಿಲು ಕಾಣುತ್ತಿಲ್ಲ. ಅವರು ಕನ್ನಡಕವನ್ನು ಹಣೆಗೇರಿಸಿ ಒಂದು ಕ್ಷಣ ಕಣ್ಣು ಮುಚ್ಚಿದರು. ನಂತರ ಮೆಲ್ಲಗೆ ನಕ್ಕರು.

"ನಸ್ರೀನ್, ಡಿಸ್ಕಿನೊಳಗೆ ಯಾವುದು ಎಲ್ಲಿದೆ ಅಂತ ಹೇಳೋ ನಕ್ಷೆ, ಹಳೇದರಲ್ಲಿ ಹಳೇ ಕಾಲದ್ದು. ಚಿಕ್ಕ ಮನೆಗೆ ಬರೆದ ನಕ್ಷೆ. ಇಷ್ಟು ದೊಡ್ಡ ಡಿಸ್ಕನ್ನ ಅದರಲ್ಲಿ ಬರೆಯೋಕೇ ಆಗಲ್ಲ. ಅದಕ್ಕೇ ನಕಲು ಮಾಡೋವಾಗ ಪ್ರೋಗ್ರಾಮ್ ಹೊಸ ಥರದ ನಕ್ಷೆ ಬರೆದಿದೆ. ಯಂತ್ರ ಮಾತ್ರ ಇನ್ನೂ ಹಳೇ ಜಾಗದಲ್ಲೇ ಬಾಗಿಲು ಹುಡುಕ್ತಿದೆ."

"ಹಾಗಾದ್ರೆ ಆರಂಭದ ವಿಧಾನ ಬದಲಾಯಿಸ್ಬೇಕು. ಮುಂದುಗಡೆ ಒಂದು ಚಿಕ್ಕ ಭಾಗ ಮಾಡಿ, ಆರಂಭದ ಕಡತಗಳನ್ನ ಅಲ್ಲಿ ಹೊಸದಾಗಿ ಬರೀಬೇಕು."

"ಬರಿ."

ನಸ್ರೀನ್ ಬರೆಯತೊಡಗಿದಳು. ಸೀತಾಪತಿ ಅವಳ ಬೆನ್ನ ಹಿಂದೆ ನಿಂತರು. ಎರಡನೆಯ ಸಾಲಿನಲ್ಲಿ ಬೆರಳು ತಪ್ಪಿತು. ಅಳಿಸಿ ಬರೆದಳು. ನಾಲ್ಕನೆಯ ಸಾಲಿನಲ್ಲಿ ಮತ್ತೆ ತಪ್ಪಿತು.

"ಅಲ್ಲಿ ಒಂದು ಅಂಕಿ..." ಎಂದರು ಸೀತಾಪತಿ.

"ಗೊತ್ತು ಸರ್." ಅವಳ ಕಿವಿಯ ತುದಿ ಕೆಂಪಾಯಿತು. "ನೀವು ಹಿಂದೆ ನಿಂತ್ರೆ ನನ್ನ ಕೈ ಓಡಲ್ಲ. ಪರೀಕ್ಷೆ ಕೊಠಡೀಲಿ ಕೂತ ಹಾಗಾಗತ್ತೆ."

ಮಾತನ್ನು ತಮಾಷೆಯೆಂದು ತೆಗೆದುಕೊಂಡು ಅವರು ಅರ್ಧ ಹೆಜ್ಜೆ ಹಿಂದೆ ಸರಿದರು. ಅರ್ಧವೇ ಹೆಜ್ಜೆ. ಬೆಂಚಿನ ಮೇಲಿದ್ದ ಪಿಳ್ಳಮ್ಮ ಎಲೆಗೆ ಸುಣ್ಣ ಸವರುತ್ತ ಇಬ್ಬರನ್ನೂ ನೋಡುತ್ತಿದ್ದರು.

ಈ ಸಲ ಪರದೆ ಬೆಳಗಿತು. ಸಾಲುಸಾಲಾಗಿ ಹಸಿರು ಅಕ್ಷರಗಳು ಇಳಿದುಬಂದವು. ನಸ್ರೀನ್ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಸರ್, ಕೇಳಿಸಿಕೊಳ್ಳಿ."

ಲೊಚ್. ಲೊಚ್ ಲೊಚ್. ಸದ್ದು ಹಳೆಯ ಡಿಸ್ಕಿನದು. ಯಂತ್ರ ಎದ್ದಿದ್ದು ಅದರ ಮೇಲೆಯೇ. ಹೊಸದು ಪಕ್ಕದಲ್ಲಿ ಮಲಗಿತ್ತು.

"ಎರಡಕ್ಕೂ ಒಂದೇ ಗುರುತಿನ ಸಂಖ್ಯೆ," ಎಂದಳು ಅವಳು. "ನಕಲು ತಾನೇ, ಸಂಖ್ಯೆಯೂ ನಕಲಾಗಿದೆ. ಒಂದೇ ಸಂಖ್ಯೆ ಎರಡು ಕಡೆ ಕಂಡಾಗ ಯಂತ್ರ ಒಂದನ್ನ ಮಲಗಿಸಿಬಿಡತ್ತೆ. ಹಳೇದರ ತಂತಿ ತೆಗೀಬೇಕಿತ್ತು ಸರ್. ನಕಲು ಮೊದಲ ಸಲ ಏಳೋವಾಗ ಮೂಲ ಎದುರಿಗೆ ಇರಬಾರದು. ನೀವೇ ಹೇಳಿಕೊಟ್ಟಿದ್ದು."

ಸೀತಾಪತಿಯವರ ಮುಖ ಬಾಡಿತು. ಮೂವತ್ತು ವರ್ಷ ಪ್ರತಿ ತರಗತಿಗೂ ಮೊದಲ ವಾರದಲ್ಲೇ ಹೇಳಿಕೊಟ್ಟ ಪಾಠ. ಮರೆತಿರಲಿಲ್ಲ. ತಂತಿ ಕೀಳಲು ಕೈ ಬಂದಿರಲಿಲ್ಲ, ಅಷ್ಟೆ. ಇಷ್ಟು ಸವೆದ ಡಿಸ್ಕ್ ಒಮ್ಮೆ ಸುತ್ತುವುದು ನಿಂತು ತಣ್ಣಗಾದರೆ ಮತ್ತೆ ಸುತ್ತುವ ಭರವಸೆಯಿಲ್ಲ. ಹೊಸದು ಎದ್ದು ನಿಲ್ಲುವವರೆಗೆ ಹಳೆಯದು ಜೊತೆಗಿರಲಿ ಎಂದುಕೊಂಡಿದ್ದರು. ಆ ಜೊತೆಯೇ ಅಡ್ಡಿಯಾಗಿತ್ತು.

"ತೆಗೀಲಾ?" ನಸ್ರೀನ್ ಕೈ ಚಾಚಿದಳು.

"ಬೇಡ, ಇರು. ಹೊಸದಕ್ಕೆ ಬೇರೆ ಸಂಖ್ಯೆ ಕೊಟ್ಟುಬಿಡೋಣ. ಎರಡೂ ಇರಲಿ. ಹೊಸದು ಎದ್ದಮೇಲೆ ಹಳೇದನ್ನ ತೆಗೆಯೋಣ."

ಹೊಸ ಡಿಸ್ಕಿಗೆ ಹೊಸ ಸಂಖ್ಯೆ ಬರೆದು, ಒಳಗಿನ ಕಡತಗಳು ಅದನ್ನೇ ಅನುಸರಿಸುವಂತೆ ಬದಲಾಯಿಸಲು ಆರಂಭಿಸಿದರು. ಅದಕ್ಕೆ ಒಂದು ಗಂಟೆ ಬೇಕೆಂದು ಪರದೆ ಹೇಳಿತು.

"ಬನ್ನಿ, ಅಷ್ಟೊತ್ಗೆ ಉಂಡು ಬರಾನ," ಪಿಳ್ಳಮ್ಮ ಎದ್ದರು. "ಬಸ್ಸಾರು ಮಾಡಿವ್ನಿ. ನಸ್ರೀನಮ್ಮ, ನೀನೂ ಬಾ ತಾಯಿ. ಮುದ್ದೆ ನುಂಗಕ್ಕೆ ಬರ್ತದೋ, ಇಲ್ಲ ಅಗೀತೀಯೋ?"

"ನಮ್ಮಜ್ಜಿ ಕೈಲಿ ಬೈಸಿಕೊಂಡು ಕಲ್ತಿದೀನಿ ಅಜ್ಜಿ, ನುಂಗ್ತೀನಿ."

ಕೆರೆಯ ಏರಿಯ ಕೆಳಗೆ ಪಿಳ್ಳಮ್ಮನ ಎರಡಂಕಣದ ಮನೆ. ತಮ್ಮ ಚೌಡಪ್ಪನ ಸಂಸಾರ ಪಕ್ಕದ ಗೋಡೆಯಾಚೆ. ನೆಲದ ಮೇಲೆ ತಟ್ಟೆಗಳು, ಬಿಸಿ ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು. ಸೀತಾಪತಿ ಎರಡನೆಯ ಮುದ್ದೆ ಹಾಕಿಸಿಕೊಂಡಾಗ ಪಿಳ್ಳಮ್ಮನ ಮುಖದಲ್ಲಿ ಗೆಲುವು ಕಂಡಿತು.

"ಮೊದಲ ಸಲ ನಮ್ಮನೇಗ್ ಬಂದಾಗ ನೀವು ಬರೀ ಮಜ್ಜಿಗೆ ಕುಡಿದ್ರಿ. ಜ್ಞಾಪಕ ಐತಾ?"

"ಇದೆ. ಆಮೇಲೆ ನೀವು ವರ್ಷವೆಲ್ಲ ನನ್ನನ್ನ ಮಜ್ಜಿಗೆ ಮೇಷ್ಟ್ರು ಅಂದಿರಿ."

"ಅಂದಿದ್ಕೇ ಮುದ್ದೆ ಇಳೀತು ಗಂಟ್ಲಲ್ಲಿ!"

ನಗುವಿನ ನಡುವೆ ಹಿತ್ತಿಲಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ನಲ್ಲಿಯ ಕೆಳಗಿಟ್ಟ ಕೊಡ ತುಂಬಿ, ಕಲ್ಲಿನ ಮೇಲೆ ಹರಿದು, ಬಚ್ಚಲ ಕಡೆ ಓಡುತ್ತಿತ್ತು. ಪಿಳ್ಳಮ್ಮ ಸಾರು ಬಡಿಸುತ್ತಲೇ ಇದ್ದರು. ಸೀತಾಪತಿ ಕಾದರು. ಎಡಗೈಯೂರಿ ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದರು. ಒಂದು ಕಾಲಕ್ಕೆ ತೂಬಿನ ಸದ್ದು ಕೇಳಿ, ಮೂರು ಮೈಲಿಯಾಚೆ ಕಾಲುವೆಯಲ್ಲಿ ಏಡಿ ತೋಡಿದ ಬಿಲವಿದೆಯೆಂದು ಹೇಳಿದ್ದ ಹೆಂಗಸು. ಸೀತಾಪತಿ ತಟ್ಟೆಯ ಮುಂದೆ ಕುಳಿತು ಮಜ್ಜಿಗೆ ಹಾಕಿಸಿಕೊಂಡರು.

"ಅಜ್ಜಿ, ನಿಮಗೆ ಈ ಕೆಲಸ ಯಾರು ಕಲಿಸಿದ್ದು?" ನಸ್ರೀನ್ ಗಟ್ಟಿಯಾಗಿ ಕೇಳಿದಳು.

"ನಮ್ಮಪ್ಪ. ಆರು ವರ್ಸ ಪಕ್ಕದಾಗೆ ಕೂರಿಸ್ಕಂಡ. ಒಂದಿನ ಪೂಜೆ ಮಾಡಿ, ಅರಿಸಿಣ ಕುಂಕುಮ ಇಟ್ಟು, 'ಇವತ್ತಿಂದ ನಿನ್ ಕೈ' ಅಂದ. ನಾನು ಚಕ್ರಕ್ಕೆ ಕೈ ಇಕ್ಕಕ್ಕೋದ್ರೆ, 'ತಡಿ, ನಾನು ಓಗೋಗಂಟ ಮುಟ್ಬ್ಯಾಡ' ಅಂತ ಎದ್ದು ಹೊರಟೇಬಿಟ್ಟ. ಬಾಗ್ಲು ಎಳ್ಕಂಡು, ಏರಿ ಮೇಲೆ ಹಿಂದಕ್ಕೆ ತಿರುಗ್ದೆ ನಡದ. ಬಾಗ್ಲು ಮುಚ್ಚಿದ್ಮೇಲೇ ನಾನು ಮುಟ್ಟಿದ್ದು. ನಮ್ಮನೇಲಿ ಅಂಗೇ. ಹೊಸಬರ ಮೊದಲ ನೀರನ್ನ ಹಳಬರು ನೋಡಬಾರ್ದು."

"ಯಾಕೆ, ದೃಷ್ಟಿ ಆಗತ್ತೆ ಅಂತಲಾ?"

"ದೃಷ್ಟಿಯೂ ಇಲ್ಲ, ದೆವ್ವಾನೂ ಇಲ್ಲ. ಹಳಬರು ಎದುರಿಗ್ ಕೂತಿದ್ರೆ, ಹೊಸಬರು ಕೈಲಿ ನೀರ ಮಾತು ಕೇಳಲ್ಲ. ಕೂತೋರ ಮುಖ ನೋಡ್ತಾರೆ. ಮುಖ ನೋಡ್ಕಂಡು ನೀರು ಬಿಟ್ರೆ ಗದ್ದೆ ಒಣಗ್ತದೆ." ಪಿಳ್ಳಮ್ಮ ಸೌಟನ್ನು ಪಾತ್ರೆಯಲ್ಲಿಟ್ಟರು. "ನಂಗೆ ಜ್ವರ ಬಂದು ಚೌಡಪ್ಪನ್ ಕೈಗೆ ಕೊಟ್ಟಾಗ್ಲೂ ಅಂಗೇ. ಕೊಟ್ಟು, ಬಾಗ್ಲು ಎಳ್ಕಂಡು ಬಂದ್ಬಿಡ್ತಿದ್ದೆ."

ಅವರು ಮರಳಿ ಏರಿ ಹತ್ತಿದಾಗ ಮೂರು ಗಂಟೆ. ಪರದೆಯ ಮೇಲೆ ಕೆಲಸ ಮುಗಿದಿತ್ತು. ನಸ್ರೀನ್ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಹಸಿರು ಸಾಲುಗಳು ಇಳಿದುಬಂದವು; ಈ ಸಲ ಬೇಗ, ಮೃದುವಾಗಿ, ಸದ್ದಿಲ್ಲದೆ. ಹೊಸ ಡಿಸ್ಕ್ ಎದ್ದಿತ್ತು. ಹಳೆಯದು ಕೆಲಸವಿಲ್ಲದೆ ಸುತ್ತುತ್ತಿತ್ತು.

ಇನ್ನು ನೆಪವಿರಲಿಲ್ಲ. ಸೀತಾಪತಿ ಹಳೆಯ ಡಿಸ್ಕಿನ ತಂತಿಯನ್ನು ಹಿಡಿದು, ಮಗುವಿನ ಬೆರಳನ್ನು ಬಿಡಿಸಿಕೊಳ್ಳುವಷ್ಟು ಮೆಲ್ಲಗೆ ಕಳಚಿದರು. ಒಳಗಿನ ತಟ್ಟೆಗಳ ಸುತ್ತು ನಿಧಾನವಾಯಿತು, ಸಣ್ಣ ನಿಟ್ಟುಸಿರಾಯಿತು, ನಿಂತಿತು. ಕೋಣೆಯಲ್ಲಿ ಹದಿನೇಳು ವರ್ಷಗಳಿಂದ ಒಂದೇ ಸಮನೆ ಇದ್ದ ಸದ್ದೊಂದು ಇಲ್ಲವಾದಾಗ, ಆ ಸದ್ದು ಎಷ್ಟು ದೊಡ್ಡದಾಗಿತ್ತೆಂದು ತಿಳಿಯಿತು.

"ಇನ್ನೂ ಲೊಚಗುಟ್ತಾ ಐತಾ ಅದು?" ಬೆಂಚಿನಿಂದ ಪಿಳ್ಳಮ್ಮ ಕೇಳಿದರು.

ಸೀತಾಪತಿ ಅವರತ್ತ ನೋಡಿ, ಇಲ್ಲವೆಂದು ತಲೆಯಾಡಿಸಿದರು.

ಪರದೆಯ ಮೇಲೆ ಮರಿಯ ದಿನಚರಿ ತೆರೆದುಕೊಂಡಿತ್ತು. ತೂಬಿನ ಸೂಜಿ ಸರಿ. ಗೂಟಗಳು ಸರಿ. ಕ್ಯಾಮೆರಾ ಸರಿ. ಮೋಟಾರು ಸರಿ. ಕೊನೆಯಲ್ಲಿ ಎರಡು ಸಾಲು:

'ಕೈ: ಹೊಸದು.

ಕಾಯುತ್ತಿದೆ.'

ಹತ್ತು ನಿಮಿಷ ಕಳೆದರೂ ಆ ಸಾಲುಗಳು ಬದಲಾಗಲಿಲ್ಲ. ಚಕ್ರ ಅಲುಗಲಿಲ್ಲ. ನಸ್ರೀನ್ ಮೋಟಾರನ್ನು ಪರೀಕ್ಷಿಸಿದಳು, ದೋಷವಿರಲಿಲ್ಲ. ಯಂತ್ರವನ್ನು ಮತ್ತೆ ಆರಿಸಿ ಹಚ್ಚಿದಳು. ಮತ್ತೆ ಅದೇ ಎರಡು ಸಾಲು. ನಾಲ್ಕು ಗಂಟೆಯಾಯಿತು.

"ತಪ್ಪು ಅಂತಾನೂ ಹೇಳ್ತಿಲ್ಲ ಸರ್. ತಪ್ಪಿದ್ರೆ ಹುಡುಕಬಹುದು. ಇದು ಸುಮ್ಮನೆ ಕಾಯ್ತಿದೆ. ಏನಕ್ಕೆ?"

ಸೀತಾಪತಿ ಕುರ್ಚಿ ಎಳೆದುಕೊಂಡು ದಿನಚರಿಯನ್ನು ಹಿಂದಕ್ಕೆ ಓದತೊಡಗಿದರು. ನಿನ್ನೆ, ಮೊನ್ನೆ, ಕಳೆದ ವರ್ಷ, ಅದರ ಹಿಂದಿನ ವರ್ಷ. ಪ್ರತಿ ಸಲ ತೂಬು ತೆರೆದಾಗಲೂ ಮರಿ ಅದು ಯಾರ ಕೈಯೆಂದು ಬರೆದಿತ್ತು. ಮೊದಲ ಮೂರು ವರ್ಷ, 'ಕೈ: ಪಿಳ್ಳಮ್ಮ'. ಅದು ಸರಿಯೇ, ಚಕ್ರ ತಿರುಗಿಸಿದ್ದು ಅವರೇ. ಆದರೆ ಆಮೇಲಿನ ಹದಿನಾಲ್ಕು ವರ್ಷ, ಮೋಟಾರು ತಿರುಗಿಸಿದಾಗಲೂ, 'ಕೈ: ಪಿಳ್ಳಮ್ಮ'. ತನ್ನದೆಂದು ಅದು ಒಂದು ಸಲವೂ ಬರೆದುಕೊಂಡಿರಲಿಲ್ಲ. ಅದು ಕಲಿತದ್ದು ಪಿಳ್ಳಮ್ಮನ ಬಳಿ. ಆ ಹೆಸರು ಡಿಸ್ಕಿನ ಗುರುತಿನ ಸಂಖ್ಯೆಗೆ ಅಂಟಿಕೊಂಡಿತ್ತು. ಇವತ್ತು ಮಧ್ಯಾಹ್ನ ಅವರೇ ಸಂಖ್ಯೆ ಬದಲಾಯಿಸಿದ್ದರು. ಎದ್ದು ನೋಡಿದಾಗ ಮರಿಗೆ ತನ್ನ ಮೇಲೆ ಯಾರ ಹೆಸರೂ ಕಾಣಲಿಲ್ಲ. ತಾನು ಹೊಸ ಕೈ ಎಂದು ತಿಳಿಯಿತು.

ನಡುನಡುವೆ ಬೇರೊಂದು ಸಾಲೂ ಇತ್ತು: 'ಕೈ: ಚೌಡಪ್ಪ'. ಜ್ವರದ ದಿನಗಳು. ಹದಿನೇಳು ವರ್ಷಗಳಲ್ಲಿ ಇಪ್ಪತ್ತಾರು ಸಲ. ಇಪ್ಪತ್ತಾರು ಸಲವೂ ಅದರ ಮೇಲಿನ ಸಾಲು ಒಂದೇ: 'ಪಿಳ್ಳಮ್ಮ ಹೊರಗೆ. ಬಾಗಿಲು ಮುಚ್ಚಿದೆ.'

ಸೀತಾಪತಿ ಕನ್ನಡಕ ತೆಗೆದು ಒರೆಸಿದರು. ಯಾರೂ ಕಲಿಸದ ಒಂದು ಪಾಠವನ್ನು ಅದು ತಾನಾಗಿ ಕಲಿತಿತ್ತು. ಬಾಗಿಲ ಮೇಲಿನ ಕ್ಯಾಮೆರಾದ ಪುಟ್ಟ ಕಣ್ಣು ಬೆಂಚಿನತ್ತ ನೋಡುತ್ತಿತ್ತು. ಬೆಂಚಿನ ಮೇಲೆ ಪಿಳ್ಳಮ್ಮ ಕುಳಿತಿದ್ದರು.

"ಏನಂತದೆ?" ಎಂದರು ಪಿಳ್ಳಮ್ಮ.

ಸೀತಾಪತಿ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತು, ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದರು. ಪಿಳ್ಳಮ್ಮನ ಬಾಯಲ್ಲಿ ಎಲೆಯಡಿಕೆ ಜಗಿಯುವುದು ನಿಂತಿತು.

"ಅಜ್ಜಿ, ನೀವೇನೂ ಏಳಬೇಕಾಗಿಲ್ಲ," ನಸ್ರೀನ್ ಕುರ್ಚಿಯಲ್ಲೇ ತಿರುಗಿದಳು. "ಹಳೇ ಡಿಸ್ಕ್ ತೆಗೆದಾಯ್ತಲ್ಲ, ಇನ್ನು ಸಂಖ್ಯೆ ತಾಕಲಾಡಲ್ಲ. ಹಳೇ ಸಂಖ್ಯೆಯನ್ನೇ ಹೊಸದಕ್ಕೆ ಕೊಟ್ಟುಬಿಡ್ತೀನಿ. ಹತ್ತು ನಿಮಿಷ. ಮತ್ತೆ ನಿಮ್ಮ ಕೈ ಅಂತಲೇ ಏಳತ್ತೆ. ನೀವು ಇಲ್ಲೇ ಕೂತಿರಬಹುದು. ಇನ್ನೂ ಹದಿನೇಳು ವರ್ಷ ಬೇಕಾದ್ರೂ."

ಅದು ನಿಜವಾಗಿತ್ತು. ಸೀತಾಪತಿಗೂ ಅದು ಹೊಳೆದಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ಹೇಳದೆ ಇರಲೂ ಮನಸ್ಸಾಗಿರಲಿಲ್ಲ.

ಪಿಳ್ಳಮ್ಮ ಕೆರೆಯ ಕಡೆ ನೋಡಿದರು.

"ಬ್ಯಾಡ ತಾಯಿ," ಎಂದರು. "ಮೇಷ್ಟ್ರೆ, ನಿಮ್ಗೊಂದು ಯೋಳ್ತೀನಿ. ಊರಿಗೆ ಯೋಳಿಲ್ಲ. ಎಲ್ಡು ವರ್ಸ ಆಯ್ತು, ನಂಗೆ ತೂಬಿನ ಸದ್ದು ಕೇಳ್ಸಿಲ್ಲ. ಬೆಳಗ್ಗೆ ಬತ್ತೀನಿ, ಇಲ್ಲಿ ಕೂತ್ಕತೀನಿ. ಮರಿ ಚಕ್ರ ತಿರುಗಿಸಿ ನಿಂತ್ಕತದೆ. ನಾನು ಹೂಂ ಅಂತೀನಿ. ಎಷ್ಟು ತಿರುಗ್ಸಿದ್ರೂ ಹೂಂ. ಉಹೂಂ ಅಂದೇ ಇಲ್ಲ ಎಲ್ಡು ವರ್ಸದಿಂದ. ಹೋದ ವರ್ಸ ಕೊನೇ ಗದ್ದೇಲಿ ಒಂದು ಮೂಲೆ ಒಣಗಿ ಬೆಳ್ಳಗಾಗಿತ್ತಲ್ಲ, ಜ್ಞಾಪಕ ಐತಾ? ಎಲ್ರೂ ಮರಿ ಕೆಟ್ಟೈತೆ ಅಂದ್ರು. ಮರಿ ಕೆಟ್ಟಿರ್ಲಿಲ್ಲ. ಅದಕ್ಕೆ ಸದ್ದು ಗೊತ್ತು. ಆದ್ರೆ ನನ್ನ ಹೂಂ ಕೇಳ್ಕಂಡು ಅಷ್ಟಕ್ಕೇ ನಿಲ್ಲಿಸಿಬಿಡ್ತಿತ್ತು. ನನ್ನ ಮುಖ ನೋಡ್ಕಂಡು ನೀರು ಬಿಡ್ತಿತ್ತು, ಪಾಪ."

ನಸ್ರೀನ್ ಕೀಲಿಮಣೆಯಿಂದ ಕೈ ತೆಗೆದಳು.

"ನಾಳೆ ಮೊದಲ ನೀರನ್ನ ಇಲ್ಲೇ ಕೂತು ನೋಡಾನ ಅಂತಿದ್ದೆ. ಹೊಸ ಮೈಯಾಗೆ ಮರಿ ಎಂಗೆ ತಿರುಗಿಸ್ತದೋ ಅಂತ." ಪಿಳ್ಳಮ್ಮ ನಗಲು ನೋಡಿದರು. "ಅದೇ ನಂಗೆ ನಮ್ಮಪ್ಪನ್ನ ನೆಪ್ಪು ಮಾಡ್ತದೆ ಅಂದ್ಕಂಡಿರ್ಲಿಲ್ಲ."

ಅವರು ಗೋಡೆ ಹಿಡಿದು ಎದ್ದರು. ಪೆಟ್ಟಿಗೆಯ ನೆತ್ತಿಯಿಂದ ಒಣಗಿದ ಹೂವನ್ನು ತೆಗೆದು ಸೆರಗಿನ ಅಂಚಿಗೆ ಗಂಟು ಹಾಕಿಕೊಂಡರು. ಬೆರಳನ್ನು ಕುಂಕುಮದ ಮೇಲೆ ಒಮ್ಮೆ ಒತ್ತಿದರು. ಕಬ್ಬಿಣದ ಮೇಲೆ ಅಂಗೈಯಿಟ್ಟು, ದನದ ಮೈ ಸವರುವಂತೆ ಸವರಿದರು.

"ಕೊನೇ ಗದ್ದೆಗೆ ಮೊದ್ಲು. ಯಾರು ಬಂದು ಏನಂದ್ರೂ ಕೊನೇ ಗದ್ದೆಗೆ ಮೊದ್ಲು. ಇನ್ಮೇಲೆ ಹೂಂ ಅನ್ನೋಕೆ ಯಾರೂ ಇರಲ್ಲ, ನೀರೇ ಯೋಳ್ತದೆ. ಕೇಳಿಸ್ಕ." ಸ್ವಲ್ಪ ತಡೆದು ಅಂದರು, "ಓಗ್ತೀನಿ ಮರಿ."

ಆ ಕೋಣೆಯ ಹದಿನೇಳು ವರ್ಷಗಳ ಪ್ರತಿ ಸಂಜೆಯೂ 'ಬರ್ತೀನಿ' ಎಂದೇ ಮುಗಿದಿತ್ತೆಂದು ಸೀತಾಪತಿಗೆ ಗೊತ್ತಿತ್ತು. ಅವರು ತಲೆ ತಗ್ಗಿಸಿದರು.

"ಆ ಹಳೇದನ್ನ ನಂಗೆ ಕೊಡ್ತೀರಾ? ಇನ್ನು ನಿಮ್ಗ್ಯಾಕೆ?"

ಕಚೇರಿಗೆ ಮರಳಿಸಬೇಕಾದ ವಸ್ತು ಅದು. ನಸ್ರೀನ್ ಕಿಟಕಿಯಾಚೆ ನೋಡುತ್ತ ಕುಳಿತಳು. ಸೀತಾಪತಿ ಹಳೆಯ ಡಿಸ್ಕನ್ನು ಕೆಂಪು ಅಂಚಿನ ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು. ಅದಿನ್ನೂ ಬೆಚ್ಚಗಿತ್ತು. ಪಿಳ್ಳಮ್ಮ ಅದನ್ನು ಕಂಕುಳಲ್ಲಿ ಇರಿಸಿಕೊಂಡು ಹೊಸ್ತಿಲು ದಾಟಿದರು, ದಾಟಿ ನಿಂತರು. ಬಾಗಿಲು ತೆರೆದೇ ಇತ್ತು. ಪರದೆ ಕಾಯುತ್ತಲೇ ಇತ್ತು.

"ನೀವ್ಯಾಕೆ ನಿಂತ್ರಿ ಮೇಷ್ಟ್ರೆ? ಬನ್ನಿ. ಆ ಮಗೂನೂ ಬೆಳಗ್ಗಿಂದ ನಿಮ್ಮ ಮುಖಾನೇ ನೋಡ್ತಾ ಐತೆ."

ಸೀತಾಪತಿ ನಸ್ರೀನಳತ್ತ ತಿರುಗಿದರು. ಅವಳು 'ಇಲ್ಲ ಸರ್, ನೀವಿರಿ' ಎನ್ನಲಿಲ್ಲ. ಎಂಟು ವರ್ಷಗಳಲ್ಲಿ ಕಚೇರಿ ಹೇಳಿಕಳಿಸಿದ ಪ್ರತಿ ಸಲವೂ ತಾವು ಬಂದು ನಿಂತದ್ದು ಎಲ್ಲಿ ಎಂದು ಅವರಿಗೆ ಒಮ್ಮೆಲೇ ಕಂಡಿತು. ಯಾರದಾದರೂ ಬೆನ್ನ ಹಿಂದೆ, ಅರ್ಧ ಹೆಜ್ಜೆ ದೂರದಲ್ಲಿ.

ಅವರು ಸಂಚಿಯನ್ನು ಹೆಗಲಿಗೇರಿಸಿದರು.

"ಸರ್, ನಿಮ್ಮ ಸ್ಕ್ರೂಡ್ರೈವರ್..."

"ಅಲ್ಲೇ ಇರಲಿ," ಎಂದರು. "ಹಿಡಿ ಸ್ವಲ್ಪ ಸಡಿಲ ಇದೆ. ನಿನಗೆ ಅಭ್ಯಾಸ ಆಗತ್ತೆ."

ಹೊರಗೆ ಏರಿಯ ಮೇಲೆ ಇಳಿಬಿಸಿಲು ಹಾಸಿತ್ತು. ಕೆಳಗೆ, ಹದ ಮಾಡಿಟ್ಟ ನಲವತ್ತಮೂರು ಗದ್ದೆಗಳು. ಎಲ್ಲಕ್ಕಿಂತ ದೂರದಲ್ಲಿ, ಬೇವಿನ ಮರದಾಚೆ, ಕೊನೆಯದು. ಪಿಳ್ಳಮ್ಮ ಟವೆಲ್ಲಿನ ಗಂಟನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಮುಂದೆ ನಡೆದಿದ್ದರು.

"ಮೇಷ್ಟ್ರೆ," ತಿರುಗದೆಯೇ ಅಂದರು, "ಹಿಂದ್ಗಡೆ ಸದ್ದಾದ್ರೆ ನಿಮ್ಗೆ ಕೇಳಿಸ್ತದೆ. ನಂಗೆ ಯೋಳ್ಬ್ಯಾಡಿ."

"ಹೇಳಲ್ಲ."

"ಹಿಂದಕ್ಕೂ ತಿರುಗ್ಬ್ಯಾಡಿ."

"ಇಲ್ಲ."

ಸೀತಾಪತಿ ಮುಂದೆ ನೋಡುತ್ತಲೇ ಬೆನ್ನ ಹಿಂದಕ್ಕೆ ಕೈ ಚಾಚಿ, ತಡಕಿ, ಬಾಗಿಲ ಕಬ್ಬಿಣದ ಬಳೆಯನ್ನು ಹಿಡಿದು ಎಳೆದರು. ಬಾಗಿಲು ಮುಚ್ಚಿಕೊಂಡಿತು.